ಚಿಂದಿ ಕೆರೆದ ಬಾಗಿಲು

ಚಿಂದಿ ಸತ್ತು ಹದಿನೈದು ದಿನವಾದ ಮೇಲೆ ಅಕ್ಕ ಅವಳ ಸಾಮಾನನ್ನೆಲ್ಲ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿಕೊಂಡು ಕೂತಳು. ಚಿಂದಿ ನಮ್ಮ ಬೆಕ್ಕು. ಒಂಬತ್ತು ವರ್ಷದ ಹಿಂದೆ ಚೂರುಬಟ್ಟೆಯ ಚೀಲದೊಳಗೆ ಕಣ್ಣು ಬಿಡದ ಮರಿಯಾಗಿ ಸಿಕ್ಕಿದ್ದರಿಂದ ಆ ಹೆಸರು. ಅಕ್ಕ ದರ್ಜಿ, ನಾನು ಅವಳಿಗೆ ಕಾಜಾ, ಗುಂಡಿ ಹಾಕಿಕೊಡುವ ತಂಗಿ. ಇಬ್ಬರೇ ಒಂದು ಬಾಡಿಗೆಯ ಮಹಡಿಮನೆಯಲ್ಲಿದ್ದೇವೆ.

"ಇಡೋದಾದ್ರೆ ಒಂದೇ ಒಂದು ಇಡೋಣ. ಮನೆಯೇನು ಮ್ಯೂಸಿಯಮ್ಮಾ?" ಅಂದಳು ಅಕ್ಕ.

ಹೂವಿನ ಚಿತ್ರದ ಬಟ್ಟಲು ಎತ್ತಿ ತೋರಿಸಿದೆ.

"ಅದರಲ್ಲಿ ಒಂದು ದಿನ ತಿಂದಿದ್ದಾಳಾ? ನನ್ನ ತಟ್ಟೆಗೇ ಬಾಯಿ ಹಾಕ್ತಿದ್ದಳು."

ಅಕ್ಕನೇ ಮೂರು ಭಾನುವಾರ ಕೂತು ಹೊಲಿದ ಮೆತ್ತೆ ಎತ್ತಿದೆ.

"ಗಿರಾಕಿಗಳ ಇಸ್ತ್ರಿ ಬಟ್ಟೆ ಬಿಟ್ಟು ಅವಳು ಇನ್ನೆಲ್ಲಾದ್ರೂ ಮಲಗಿದ್ದುಂಟಾ?"

"ಈ ಉಣ್ಣೆಯ ಉಂಡೆ?"

"ಅದರ ಜೊತೆ ಆಡಿದ್ದು ನೀನು."

ನಾವು ಮುದ್ದಿನಿಂದ ತಂದುಕೊಟ್ಟದ್ದನ್ನೆಲ್ಲ ಆ ಮಹಾರಾಣಿ ಮೂಸಿಯೂ ನೋಡಿರಲಿಲ್ಲ. ಇದ್ದ ಒಂದು ಫೋಟೋದಲ್ಲೂ ಕಣ್ಣು ಮುಚ್ಚಿಕೊಂಡಿದ್ದಳು. ಅವಳು ದಿನಾ, ತಪ್ಪದೆ, ಮನಸ್ಸಿಟ್ಟು ಬಳಸಿದ ವಸ್ತು ಈ ಮನೆಯಲ್ಲಿ ಒಂದೇ: ಮಲಗುವ ಕೋಣೆಯ ಬಾಗಿಲು. ಅಕ್ಕನನ್ನು ಎಬ್ಬಿಸಲೆಂದು ಬೆಳಗಾದರೆ ಕೆರೆದೂ ಕೆರೆದೂ ಕೆಳಗಿನ ಒಂದೂವರೆ ಅಡಿಯಲ್ಲಿ ಬಣ್ಣವೆಲ್ಲ ಹೋಗಿ ಮರ ಕಾಣುತ್ತಿತ್ತು. ಅಕ್ಕ ಎದ್ದುಹೋಗಿ ಗೀರುಗಳ ಮೇಲೆ ಬೆರಳಾಡಿಸಿದಳು.

"ಇದೇ," ಅಂದಳು.

ತೊಂದರೆ ಏನೆಂದರೆ ಬಾಗಿಲು ನಮ್ಮದಲ್ಲ, ಮನೆ ಯಜಮಾನ, ಕೆಳಗಿನ ಮನೆಯ ಟಿಕೆಟ್ ಮಾವನದು. ಮಾವ ಅಂತ ನಮ್ಮಿಬ್ಬರ ನಡುವೆ ಮಾತ್ರ; ಎದುರಿಗೆ ಸಾರ್. ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮನೆಯಲ್ಲಿ ಪ್ರಾಣಿ ಸಾಕಬಾರದೆನ್ನುವುದು ಅವರ ಮೊದಲ ಕರಾರು. ನಮಗಿಂತ ಮುಂಚೆ ಇದ್ದವರನ್ನು ಒಂದು ಗಿಳಿಗಾಗಿ ಖಾಲಿ ಮಾಡಿಸಿದ್ದರಂತೆ. ಅವರ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಚಿಂದಿಯ ಮಿಯಾಂವ್ ಮುಚ್ಚಲು ಅಕ್ಕ ಬಟ್ಟೆಯೇ ಇಲ್ಲದ ಮಿಶಿನ್ನನ್ನು ಗಡಗಡ ತುಳಿಯುತ್ತಿದ್ದಳು. "ಎಷ್ಟು ದುಡೀತೀಯಮ್ಮ," ಎಂದು ಅವರು ಮರುಗುತ್ತಿದ್ದರು. ಕೊನೆಗೆ ಚಿಂದಿಯನ್ನು ಮಣ್ಣು ಮಾಡಲು ಬಟ್ಟೆ ಚೀಲದಲ್ಲಿಟ್ಟು ಇಳಿಸಿಕೊಂಡು ಹೋಗುವಾಗಲೂ ಎದುರಾಗಿ, "ಭಾರ ಇದ್ರೆ ಕೊಡಮ್ಮ, ನಾನು ಹಿಡೀತೀನಿ," ಅಂದಿದ್ದರು.

ನಾವು ಬಾಗಿಲನ್ನು ಆರಿಸಿಕೊಂಡ ಮರುದಿನ ಬೆಳಿಗ್ಗೆ ಅವರು ಪೇಂಟರನ್ನು ಕರೆದುಕೊಂಡು ಮೇಲೆ ಬಂದರು.

"ಒಂಬತ್ತು ವರ್ಷ ಒಂದು ತಕರಾರಿಲ್ಲದೆ ಇದ್ದೀರಿ. ನೀವು ಕೇಳದೇನೇ ಮಾಡಿಸ್ತಿದ್ದೀನಿ. ಗೋಡೆ, ಕಿಟಕಿ, ಬಾಗಿಲು, ಎಲ್ಲ ಹೊಸದಾಗ್ಬೇಕು."

ಪೇಂಟರ್ ಬಾಗಿಲಿಗೆ ಒತ್ತಿ ನಾವಿಟ್ಟಿದ್ದ ಬಟ್ಟೆಬುಟ್ಟಿ ಸರಿಸಿ ನೋಡಿದ. "ಅಕ್ಕಾ, ಇದಕ್ಕೆ ಎರಡು ಕೈ ಪುಟ್ಟಿ ಬೇಕು," ಎಂದು ಉಜ್ಜುವ ಕಾಗದ ಕೈಗೆತ್ತಿಕೊಂಡ. ಅಕ್ಕ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಇದೊಂದು ಬೇಡ ಸಾರ್."

"ಯಾಕಮ್ಮ?"

ಅಕ್ಕ ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ. ಹೇಳಿದರೆ ಮನೆ ಹೋಗಬಹುದು, ಹೇಳದಿದ್ದರೆ ಬಾಗಿಲಂತೂ ಹೋಗುತ್ತದೆ. ಅಕ್ಕ ಹೇಳಿಯೇಬಿಟ್ಟಳು: ಚೀಲದಲ್ಲಿ ಸಿಕ್ಕಿದ್ದು, ಮಿಶಿನ್ ತುಳಿದದ್ದು, ಅವತ್ತು ಮೆಟ್ಟಿಲ ಮೇಲೆ ಚೀಲದಲ್ಲಿದ್ದದ್ದು ಏನೆಂಬುದು, ಎಲ್ಲ.

ಅವರು ಸಿಟ್ಟಾಗಲಿಲ್ಲ. ನಕ್ಕರು.

"ಸೀಟಿನ ಕೆಳಗೆ ಮಲಗಿದೋರನ್ನ, ಕಕ್ಕಸಿನ ಚಿಲಕ ಹಾಕ್ಕೊಂಡೋರನ್ನ ಉಸಿರಾಟ ಕೇಳಿ ಹಿಡಿದೋನಮ್ಮ ನಾನು. ನನ್ನ ತಲೆ ಮೇಲೆ ಒಂಬತ್ತು ವರ್ಷ ಬೆಕ್ಕು ಓಡಾಡಿದ್ರೆ ಗೊತ್ತಾಗ್ತಿರಲಿಲ್ವಾ?" ಮಂಡಿಯೂರಿ ಕೂತು ಕನ್ನಡಕ ಏರಿಸಿ ಗೀರುಗಳನ್ನು ಪರೀಕ್ಷಿಸಿದರು. "ಹೆಗ್ಗಣ."

ಒಂಬತ್ತು ವರ್ಷ ಅವರ ಚಪ್ಪಲಿ ಸದ್ದಿಗೇ ನಡುಗಿದ ಅಕ್ಕ ಈಗ ಸೊಂಟಕ್ಕೆ ಕೈಕೊಟ್ಟಳು. "ಹೆಗ್ಗಣನಾ? ನಮ್ಮ ಚಿಂದಿನಾ? ತಗೊಂಡ್ಬಾರೇ ಆ ಬಟ್ಟಲು."

ಬಟ್ಟಲು ತಂದೆ. "ಇದು ಹೊಚ್ಚ ಹೊಸದು," ಅಂದರು. ಮೆತ್ತೆ ತಂದೆ. "ಇದರಲ್ಲಿ ಒಂದು ಕೂದಲಿಲ್ಲ." ತಪ್ಪು ಮಾಡಿದ್ದೇವೆಂದು ನಂಬಿಸಲು ಇಷ್ಟು ಕಷ್ಟಪಡಬೇಕಾದೀತೆಂದು ನಾವು ಅಂದುಕೊಂಡಿರಲಿಲ್ಲ. ಕೊನೆಗೆ ಫೋಟೋ ಕೊಟ್ಟೆ. ಅವರು ಅದನ್ನು ಟಿಕೆಟ್ಟಿನ ಹಾಗೆ ಹಿಂದೆ ಮುಂದೆ ತಿರುಗಿಸಿ, ಆಮೇಲೆ ಬೆಳಕಿಗೆ ಹಿಡಿದರು. ತಾರಸಿಯಲ್ಲಿ ಪಟ್ಟೆಬಟ್ಟೆಯ ಕುರ್ಚಿ, ಅದರ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ ಚಿಂದಿ.

ಪೇಂಟರ್ ಅವರ ಹೆಗಲ ಮೇಲಿಂದ ಇಣುಕಿದ. "ಯಜಮಾನ್ರೇ, ಅದು ನೀವು ಪೇಪರ್ ಓದೋ ಕುರ್ಚಿ ಅಲ್ವಾ?"

"ನೀನು ಪುಟ್ಟಿ ಕಲಸು."

ಅವರು ಫೋಟೋ ಕೆಳಗಿಳಿಸಿ ಬಾಗಿಲಿನ ಗೀರುಗಳನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಇಳಿದು ಹೋದ ಪ್ರಯಾಣಿಕರ ಮೇಲೆ ಕೇಸು ಹಾಕೋಕೆ ಬರಲ್ಲ," ಅಂದರು. "ಬಾಗಿಲು ಹೀಗೇ ಇರಲಿ. ಆದ್ರೆ ನೋಡಮ್ಮ, ಯಾರು ಕೇಳಿದ್ರೂ ಅದು ಹೆಗ್ಗಣ. ನನ್ನ ಕಣ್ಣಿಗೆ ಒಂಬತ್ತು ವರ್ಷ ಮಣ್ಣೆರಚಿದ್ರು ಅಂತ ಊರಿಗೆ ಗೊತ್ತಾದ್ರೆ ನಾನು ಹೊರಗೆ ತಲೆ ಎತ್ತಿ ಓಡಾಡೋ ಹಾಗಿಲ್ಲ."

ಬದುಕಿದ್ದಷ್ಟು ದಿನ ಚಿಂದಿ ಇಲ್ಲ ಅನ್ನಬೇಕಾಗಿತ್ತು, ಈಗ ಸತ್ತ ಮೇಲೆ ಹೆಗ್ಗಣ ಅನ್ನಬೇಕು. ಅಕ್ಕ ಬಾಗಿಲ ಕಡೆ ನೋಡಿದಳು, ಪೇಂಟರನ ಕೈಯಲ್ಲಿದ್ದ ಉಜ್ಜುವ ಕಾಗದ ನೋಡಿದಳು.

"ಆಗಲಿ ಸಾರ್."

ಅಷ್ಟರಲ್ಲಿ ಯಜಮಾನರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದರು. "ಇದೇನ್ರೀ ಬಾಗಿಲು ಹೀಗಾಗಿದೆ?"

"ಹೆಗ್ಗಣ," ಅಂದರು ಯಜಮಾನರು, ಫೋಟೋವನ್ನು ಅಂಗಿಯ ಜೇಬಿಗೆ ಇಳಿಸುತ್ತ.

"ಇಷ್ಟೆತ್ತರಕ್ಕಾ?"

"ಎದ್ದು ನಿಂತು ಕೆರೀತಿತ್ತಮ್ಮ," ಅಂದಳು ಅಕ್ಕ.

"ನಿಮ್ಮ ತಲೆ. ಅಷ್ಟು ದೊಡ್ಡ ಹೆಗ್ಗಣ ಇಟ್ಕೊಂಡು ಸುಮ್ನೆ ಕೂತಿದ್ರಾ? ನನಗೆ ಒಂದು ಮಾತು ಹೇಳಿದ್ರೆ ಇವರನ್ನ ಒಪ್ಪಿಸ್ತಿದ್ದೆ, ಒಂದು ಬೆಕ್ಕು ಸಾಕ್ಕೋಬಹುದಿತ್ತು."

ಅಕ್ಕನಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಆತುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಕೆ ಗಾಬರಿಯಾಗಿ ಅಕ್ಕನನ್ನು ಹತ್ತಿರ ಎಳೆದುಕೊಂಡು ಬೆನ್ನು ಸವರಿದರು.

"ಹುಚ್ಚಿ, ಹೆಗ್ಗಣಕ್ಕೆ ಯಾರಾದ್ರೂ ಇಷ್ಟು ಹೆದರ್ತಾರಾ? ಹೋಯ್ತಲ್ಲ, ಇನ್ನು ಬರಲ್ಲ ಬಿಡು."

ಅದನ್ನು ಕೇಳಿ ಅಕ್ಕನ ಅಳು ಇನ್ನೂ ಜೋರಾಯಿತು.