ಬಲಗೈ ಮುಚ್ಚುವಷ್ಟು

ಪೊನಿರಾಳ ನಾಲಿಗೆಗೆ ಎಲುಬಿಲ್ಲ ಎಂಬುದು ಲಾಸೆಮ್ ಊರಲ್ಲಿ, ಬಟ್ಟೆಗೆ ಮೇಣದ ಚಿತ್ತಾರ ಬರೆದು ಬಣ್ಣ ಹಾಕುವ ಬಾಟಿಕ್ ಕೇರಿಗೆಲ್ಲ ಗೊತ್ತಿದ್ದ ಮಾತು. ಪಕ್ಕದ ಮನೆಯ ಮರ್ಸಿಯೆಮ್ ಲಕ್ವ ಹೊಡೆದು ಬಲಗೈಯ ಸ್ವಾಧೀನ ಕಳೆದುಕೊಂಡ ಮೇಲೆ, ಎಡಗೈಯಲ್ಲಿ ಮೇಣದ ಕೊಳವೆ ಹಿಡಿದು ಕೂತದ್ದನ್ನು ಕಂಡಾಗಲೂ ಆ ನಾಲಿಗೆ ಸುಮ್ಮನಿರಲಿಲ್ಲ.

"ಏನಕ್ಕಾ ಇದು, ಬಟ್ಟೆ ಮೇಲೆ ಕೋಳಿ ಓಡಾಡಿದ ಹಾಗಿದೆ."

"ಓಡಾಡ್ತಲ್ಲ, ಅಷ್ಟು ಸಾಕು ಬಿಡು." ಮರ್ಸಿಯೆಮ್‌ಳ ಬಾಯಿಯೂ ಒಂದು ಕಡೆಗೆ ಸೊಟ್ಟಗಾಗಿತ್ತು. "ವಿನಾರ್ಸಿ ಚೊಚ್ಚಲ ಕೂಸನ್ನ ಕಟ್ಕೊಂಡು ಹೊರೋ ಬಟ್ಟೆ. ಅವಳ ಏಳನೇ ತಿಂಗಳ ಶಾಸ್ತ್ರಕ್ಕೆ ಆದ್ರೆ ಆಯ್ತು."

"ನಿನ್ನ ಮಗಳಿಗೆ ಇನ್ನೂ ಗಂಡೇ ಸಿಕ್ಕಿಲ್ಲ."

"ಅದಕ್ಕೇ ಈಗ್ಲೇ ಶುರು ಮಾಡಿದೀನಿ."

ಪೊನಿರಾ ನಕ್ಕಳು ನಿಜ, ಆದರೆ ಕಣ್ಣು ಅಕ್ಕನ ಬಲಗೈಯ ಕಡೆಗೇ ಹೋಯಿತು. ಬಿಸಿ ಮೇಣದಲ್ಲಿ ನೆಟ್ಟಗೆ ಗೆರೆ ಎಳೆಯುವುದನ್ನು ಅವಳಿಗೆ ಕಲಿಸಿದ್ದೇ ಮರ್ಸಿಯೆಮ್‌ಳ ಆ ಬಲಗೈ. ಕೇರಿಯ ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟು ನೋಡುತ್ತಿದ್ದ ಕೈ ಅದು. ಈಗ ಮಡಿಲಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಿತ್ತು.

ಆದರೆ ಮರ್ಸಿಯೆಮ್ ಅದನ್ನು ಸುಮ್ಮನೆ ಕೂರಿಸಲಿಲ್ಲ. ಬೆಳಗಾದರೆ ಒಲೆ ಹಚ್ಚಿ ಮೇಣ ಕರಗಿಸುವಳು. ಎಡಗೈಯಿಂದ ಬಲಗೈಯನ್ನು ಎತ್ತಿ ಬಟ್ಟೆಯ ಮೇಲಿಡುವಳು. ಅದು ಮುಚ್ಚುವಷ್ಟು ಜಾಗ ಆ ದಿನದ ಪಾಲು. ಆಮೇಲೆ ಅದೇ ಕೈಯನ್ನು ಬಟ್ಟೆ ಸರಿಯದಂತೆ ಅಂಚಿನ ಮೇಲೆ ಹೇರಿ, ಕೊಳವೆಯನ್ನು ಉಫ್ ಎಂದು ಊದಿ ಕೆಲಸಕ್ಕೆ ಕೂರುವಳು. ಮೇಣದ ಹನಿ ತಪ್ಪಿ ಬಿದ್ದರೆ ಅಲ್ಲೊಂದು ಮೊಗ್ಗು ಮೂಡುತ್ತಿತ್ತು. ಮೊದಮೊದಲು ಮೊಗ್ಗುಗಳೇ ಹೆಚ್ಚು. ಪಾಲು ಮುಗಿದ ಮೇಲೆ ಒಂದು ಚುಕ್ಕೆಯನ್ನೂ ಹೆಚ್ಚಿಗೆ ಇಡುತ್ತಿರಲಿಲ್ಲ. ಜ್ವರ ಬಂದ ದಿನವೂ ಕಡಿಮೆ ಮಾಡುತ್ತಿರಲಿಲ್ಲ. ಎಂಥ ಹಟಮಾರಿ ಹೆಂಗಸು!

ವಿನಾರ್ಸಿಗೆ ಗಂಡು ಸಿಕ್ಕಿತು, ಮದುವೆಯೂ ಆಯಿತು. ಆಗಿನ್ನೂ ಬಟ್ಟೆ ಅರ್ಧವೂ ಆಗಿರಲಿಲ್ಲ. ಅವಳು ಬಸುರಿಯಾದ ಸುದ್ದಿ ಬಂದ ವಾರ ಕೊನೆಯ ಹೂವಿನ ತನಕ ಮೇಣ ಮುಟ್ಟಿತು. ಪೊನಿರಾ ತನ್ನದೇ ಕೆಲಸ ಮುಗಿದಂತೆ ಹಿಗ್ಗಿದಳು. ಮರ್ಸಿಯೆಮ್ ಮಾತ್ರ ಬಟ್ಟೆಯನ್ನು ತಿರುವಿ ಹಾಕಿ, ಮೊದಲ ಮೂಲೆಯ ಮೇಲೆ ಬಲಗೈ ಇಟ್ಟಳು. ಹಿಂಬದಿಗೂ ಮೇಣ ಎಳೆಯದಿದ್ದರೆ ಬಣ್ಣ ಒಳಗೆ ನುಗ್ಗುತ್ತದೆ. ಅದು ಪೊನಿರಾಳಿಗೆ ತಿಳಿಯದ್ದೇನಲ್ಲ, ಖುಷಿಯಲ್ಲಿ ಮರೆತಿದ್ದಳು ಅಷ್ಟೆ.

"ಹಿಂಬದಿ ನಾನು ಎಳೀತೀನಿ ಕೊಡಕ್ಕಾ. ಏಳನೇ ತಿಂಗಳು ಎಲ್ಲಿ ಕಾಯತ್ತೆ?"

"ನಿನ್ನ ಗೆರೆ ನೆಟ್ಟಗಿರತ್ತೆ ಕಣೇ. ನನ್ನ ಸೊಟ್ಟದ ಜೊತೆ ಹೊಂದಲ್ಲ. ಮೇಣ ಕರಗ್ಸು, ಅಷ್ಟು ಮಾಡು."

ಪೊನಿರಾ ಅಂದಿನಿಂದ ಮೇಣ ಕರಗಿಸಿದಳು. ಈಗ ಆ ಎಡಗೈ ಅಳುಕುತ್ತಿರಲಿಲ್ಲ. ಮೊಗ್ಗುಗಳು ಕಡಿಮೆಯಾದವು, ದಿನದ ಪಾಲು ಹೊತ್ತೇರುವ ಮೊದಲೇ ಮುಗಿಯತೊಡಗಿತು. ಆಗ ಮಾತ್ರ ಮರ್ಸಿಯೆಮ್ ಲೆಕ್ಕ ಬದಲಿಸಿದಳು: ಮಧ್ಯಾಹ್ನ ಮತ್ತೊಮ್ಮೆ ಬಲಗೈ ಇಟ್ಟಳು. ಕೆಂಪು ಬಣ್ಣ ಕುಡಿದು, ಮೇಣ ಬಿಟ್ಟು, ಬಟ್ಟೆ ಒಣಗಿ ಮನೆಗೆ ಬಂದದ್ದು ಶಾಸ್ತ್ರದ ಹಿಂದಿನ ದಿನ.

ಆ ಸಂಜೆ ಮರ್ಸಿಯೆಮ್ ಪೊನಿರಾಳನ್ನು ಕರೆದು ಕೂರಿಸಿಕೊಂಡಳು. ಬಸುರಿಯನ್ನು ಮೀಯಿಸಿ, ಒಂದಾದ ಮೇಲೊಂದು ಏಳು ಬಟ್ಟೆ ಸುತ್ತಿ ನೋಡುವುದು ಪದ್ಧತಿ. ಆರು ಚೆಂದದ ಬಟ್ಟೆಗಳಿಗೂ ನೆರೆದ ಹೆಂಗಸರು "ಒಪ್ಪಲ್ಲ" ಅನ್ನಬೇಕು. ಏಳನೆಯದು ಒರಟು ಪಟ್ಟೆಯ ಬಡ ಬಟ್ಟೆ, ಕೂಸು ಸರಳವಾಗಿ, ಗಟ್ಟಿಯಾಗಿ ಬಾಳಲಿ ಎಂದು ಅದಕ್ಕೆ ಮಾತ್ರ "ಒಪ್ಪತ್ತೆ." ಕೂಗಿಗೆ ಯಾವಾಗಲೂ ಪೊನಿರಾಳದೇ ಮುಂದಾಳತ್ವ.

"ನನ್ನದು ನಾಲ್ಕನೇದು. ಕೈಲಾಗದವಳು ಅಂತ ಮರುಗಿ ಮೆತ್ತಗೆ ಅನ್ಬೇಡ. ಜೋರಾಗಿ ಒಪ್ಪಲ್ಲ ಅನ್ನು. ಶಾಸ್ತ್ರ ಕೆಡಬಾರದು, ಕೂಸಿನ ವಿಷಯ."

"ಹಂಗಿಸೋದು ನಂಗೆ ಹೇಳಿಕೊಡ್ಬೇಕಾ ಅಕ್ಕಾ?"

ಮರುದಿನ ಹೂವಿನ ನೀರಲ್ಲಿ ಮಿಂದ ವಿನಾರ್ಸಿ ನಡುಮನೆಯಲ್ಲಿ ನಿಂತಳು. ಶಾಸ್ತ್ರ ನಡೆಸುವ ಅಜ್ಜಿ ಬಟ್ಟೆ ಸುತ್ತುತ್ತ "ಒಪ್ಪತ್ತಾ?" ಅಂದಾಗೆಲ್ಲ ಪೊನಿರಾ "ಒಪ್ಪಲ್ಲ" ಅಂದಳು, ಮನೆಯೆಲ್ಲ ಹಿಂದೆಯೇ ಕೂಗಿತು. ಮೂರು ಬಟ್ಟೆ ಹೀಗೇ ಇಳಿದವು.

ನಾಲ್ಕನೆಯದು ಬಿಚ್ಚಿಕೊಂಡಿತು. ಒಂದು ತುದಿಯಲ್ಲಿ ತಪ್ಪಿ ಬಿದ್ದ ಹನಿಗಳ ಗಿಜಿಗಿಜಿ ಮೊಗ್ಗು. ಸುತ್ತುತ್ತ ಹೋದಂತೆ ಮೊಗ್ಗು ವಿರಳವಾಗಿ, ಬಳ್ಳಿ ನಿಧಾನಕ್ಕೆ ನಡೆಯಲು ಕಲಿತು, ಬಸುರಿಯ ಹೊಟ್ಟೆಯ ಮೇಲೆ ಬರುವಾಗ ತುಂಬು ಹೂವಾಗಿತ್ತು. ಪೊನಿರಾಳಿಗೆ ಅದರಲ್ಲಿ ಒಂದೊಂದು ಬೆಳಗೂ ಗುರುತು ಸಿಕ್ಕಿತು.

"ಒಪ್ಪತ್ತಾ?" ಅಂದಳು ಅಜ್ಜಿ.

"ಒಪ್ಪತ್ತೆ," ಅಂದಳು ಪೊನಿರಾ.

ಅಜ್ಜಿ ಗುರಾಯಿಸಿ ಮತ್ತೆ ಕೇಳಿದಳು. ಪೊನಿರಾ ಸೆರಗು ಬಾಯಿಗೊತ್ತಿಕೊಂಡಿದ್ದಳು. ಉಳಿದ ಹೆಂಗಸರೂ ಬಟ್ಟೆಯನ್ನೇ ನೋಡುತ್ತಿದ್ದರು. ಒಬ್ಬಳಿಗೂ 'ಇಲ್ಲ' ಅನ್ನಲು ನಾಲಿಗೆ ಏಳಲಿಲ್ಲ. ಮರ್ಸಿಯೆಮ್‌ಳ ಮುಖ ಬಿಳಿಚಿತು.

ಅಜ್ಜಿ ಹಳೇ ತಲೆ, ದಾರಿ ಹುಡುಕಿದಳು. "ಲೇ, ಇದು ಕೂಸಿನ ಬಟ್ಟೆ. ಕೂಸಿಗೆ ಒಪ್ಪತ್ತೆ. ತಾಯಿಗೆ ಒಪ್ಪತ್ತಾ ಹೇಳ್ರೇ."

"ಒಪ್ಪಲ್ಲ" ಎಂದು ಮನೆ ಹಾರಿಹೋಗುವಂತೆ ಕೂಗಿ, ಎಲ್ಲರೂ ನಕ್ಕು, ಕಣ್ಣೊರೆಸಿಕೊಂಡರು. ಉಳಿದ ಶಾಸ್ತ್ರ ಸಾಂಗವಾಗಿ ಮುಗಿಯಿತು.

ಮರುದಿನ ಬೆಳಿಗ್ಗೆ ಪೊನಿರಾ ಬೈಸಿಕೊಳ್ಳಲು ತಯಾರಾಗಿಯೇ ಹೋದಳು. ಒಲೆ ಉರಿಯುತ್ತಿತ್ತು. ಹೊಸ ಬಿಳಿ ಬಟ್ಟೆಯ ಮೂಲೆಯ ಮೇಲೆ ಬಲಗೈ ಮಲಗಿತ್ತು.

"ಇದ್ಯಾರಿಗೆ ಅಕ್ಕಾ?"

"ನಿಂಗೆ. ಒಂದು 'ಒಪ್ಪಲ್ಲ' ಅನ್ನಕ್ಕೆ ಬರದ ಬಾಯಿ, ಮುಚ್ಚಕ್ಕೆ ದೊಡ್ಡ ಬಟ್ಟೇನೇ ಬೇಕು."

ಪೊನಿರಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪಕ್ಕದಲ್ಲಿ ಕೂತು ಮೇಣ ಕದಡಿದಳು.