ಅತ್ತೆಯ ಕ್ಲಾಸು, ಏಳಲೊಲ್ಲದ ಕಂಪ್ಯೂಟರು

ಸಂಜೆ ಐದಕ್ಕೆ ನಮ್ಮತ್ತೆಯ ಕ್ಲಾಸು. ಹೊಲಿಗೆ ಟೀಚರಾಗಿ ನಿವೃತ್ತರಾದ ಮೇಲೆ ಸಿಕ್ಕ ಮೊದಲ ಕೆಲಸ, ಅದೂ ಕಂಪ್ಯೂಟರಿನ ಮುಂದೆ ಕೂತು ಊರೂರಿನ ಹೆಂಗಸರಿಗೆ ಕಲಿಸುವುದು. ಇವತ್ತಿನದು ಚೆನ್ನಾಗಿ ಆದರೆ ಮಾತ್ರ ಮುಂದಿನದು ಎಂದಿದ್ದರು ಕೆಲಸ ಕೊಟ್ಟವರು. ಕ್ಲಾಸಿನ ಸಾಫ್ಟ್‌ವೇರ್ ನಮ್ಮ ಹಳೇ ಕಂಪ್ಯೂಟರಿಗೆ ಒಗ್ಗಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಬಿಡುತ್ತೇನೆ, ಅದೇನು ಮಹಾ, ಎಂದು ನನ್ನ ಗಂಡ ಬೆಳಿಗ್ಗೆಯೇ ಪೆನ್‌ಡ್ರೈವ್ ಚುಚ್ಚಿ ಕೂತ.

ಇವನು ಬಸ್ ಡ್ರೈವರ್. ನಿಂತ ಗಾಡಿ ಕಂಡರೆ ಮೈಯೆಲ್ಲ ಉರಿ. ಪರದೆಯ ಮೇಲೆ ಲೋಗೋ ಬಂತು, ಕೆಳಗೆ ಚುಕ್ಕೆಗಳು ಒಂದೆರಡು ಸುತ್ತು ತಿರುಗಿದವು, ಆಮೇಲೆ ಗಪ್‌ಚುಪ್. ಆಫ್ ಮಾಡಿ ಆನ್ ಮಾಡಿದ. ಮತ್ತೆ ಅಲ್ಲೇ ನಿಂತಿತು. ಪೆನ್‌ಡ್ರೈವೇ ಸರಿಯಿಲ್ಲ ಎಂದು ಇನ್ನೊಂದು ತಂದ. ಕಂಪ್ಯೂಟರಿನ ಹೊಟ್ಟೆಯೊಳಗಿನ ಮೆಮೊರಿ ಪಟ್ಟಿ ಕಿತ್ತು ಬನಿಯನ್ನಿನಲ್ಲಿ ಒರೆಸಿ ಕೂರಿಸಿದ. ಮಾವ ಆಗಾಗ ಬಂದು, ಯಾರೂ ಕೇಳದಿದ್ದರೂ ಸಲಹೆ ಕೊಟ್ಟು ಹೋದರು. ಅವರ ಪ್ರಕಾರ ಎಲ್ಲ ಕಾಯಿಲೆಗೂ ಧೂಳೇ ಕಾರಣ.

“ಕಂಪ್ಯೂಟರ್ ಹಿಂದೆ ಚುಚ್ಚಿರೋ ಬೇಡದ್ದನ್ನೆಲ್ಲ ಕಿತ್ತು ನೋಡ್ಬೇಕಂತೆ, ಫೋನಲ್ಲಿ ಓದ್ದೆ,” ಅಂದೆ.

“ಕಿತ್ತಾಯ್ತಲ್ಲ. ಪ್ರಿಂಟರ್, ಸ್ಪೀಕರ್, ಎಲ್ಲ.”

“ಆ ನೀಲಿ ವೈರು?”

ಗಂಡ ಮಾವನ ಮುಖ ನೋಡಿದ, ಮಾವ ಫ್ಯಾನ್ ನೋಡಿದರು. ಅದು ಕಂಪ್ಯೂಟರಿನಿಂದ ಅತ್ತೆಯ ಕಸೂತಿ ಮಷೀನಿಗೆ ಡಿಸೈನು ಕಳಿಸುವ ವೈರು. ಆ ಮಷೀನನ್ನು ಅತ್ತೆ ಬಿಟ್ಟು ಇನ್ನೊಬ್ಬರು ಮುಟ್ಟುವಂತಿಲ್ಲ, ಅದರ ಮೇಲೆ ಕೂತ ನೊಣವನ್ನೂ ಅವರೇ ಓಡಿಸಬೇಕು. ಜನ ತುಂಬಿದ ಬಸ್ಸನ್ನು ಘಾಟಿಯಲ್ಲಿ ಇಳಿಸುವ ಗಂಡಸು ಒಂದು ವೈರು ಕೀಳಲು ಅಮ್ಮನ ಅಪ್ಪಣೆಗೆ ಕಾಯುತ್ತಿದ್ದ.

ಅತ್ತೆಯನ್ನು ಕರೆದೆ. “ನನ್ನ ಮಷೀನು ಯಾರ ಗೋಜಿಗೂ ಹೋಗಲ್ಲ,” ಎಂದು ಮುಖ ಊದಿಸಿಕೊಂಡೇ ಬಂದು ವೈರು ಎಳೆದರು. ಗಂಡ ಗುಂಡಿ ಒತ್ತಿದ. ಚುಕ್ಕೆಗಳು ತಿರುಗಿದವು, ತಿರುಗುತ್ತಲೇ ಇದ್ದವು, ಕೊನೆಗೆ ಯಾವ ಭಾಷೆ ಬೇಕೆಂದು ಕೇಳುವ ಪರದೆ ಬಂತು. ಗಂಡ ತಾನೇ ಗೆದ್ದವನಂತೆ ಮೀಸೆ ತಿರುವಿದ. ಅತ್ತೆಯ ಮುಖ ಮಾತ್ರ ಸಪ್ಪಗಾಯಿತು.

“ಸರಿಹೋಯ್ತಾ ಹಾಗಾದ್ರೆ,” ಅಂದರು. “ಸರಿಹೋಗದಿದ್ರೇ ಚೆನ್ನಾಗಿತ್ತೇನೋ.”

ಅಲ್ಲಿಯವರೆಗೆ ಒಳಗೊಳಗೇ ನಗುತ್ತಿದ್ದ ನನಗೆ ಪಿಚ್ಚೆನಿಸಿತು. ಇಷ್ಟು ವರ್ಷ ತರಗತಿಗಳನ್ನು ನಡುಗಿಸಿದವರಿಗೂ ಭಯವಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮಧ್ಯಾಹ್ನದೊಳಗೆ ಹೊಸ ಸಿಸ್ಟಮ್ ಕೂತಿತು. ಐದಕ್ಕೆ ಪರದೆಯ ತುಂಬ ಹೆಂಗಸರ ಮುಖಗಳು. ಅತ್ತೆ ಕತ್ತರಿ ಹಿಡಿದು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಗಂಡ ಹಿಂದಿನಿಂದ “ನಮಸ್ಕಾರ ಅನ್ನಮ್ಮ” ಎಂದು ಪಿಸುಗುಟ್ಟಿದ. ಮಾವ ಅವರ ಪರವಾಗಿ ಗಂಟಲು ಸರಿಮಾಡಿಕೊಂಡರು. ನಾನು ಅತ್ತೆಯ ಕನ್ನಡಕ ನೆಟ್ಟಗೆ ಮಾಡಲು ಕೈ ಚಾಚಿದೆ.

ಅತ್ತೆ ತಿರುಗಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಮೂರೂ ಜನ ಆಚೆ ಹೋಗಿ.”

“ನಾನೂನಾ?” ಅಂದೆ.

“ನೀನೇ ಮೊದ್ಲು.”

ಬಾಗಿಲು ಎಳೆದುಕೊಂಡು ಹೊರಗೆ ಕಿವಿಗೊಟ್ಟು ನಿಂತೆವು. ಒಳಗಿಂದ ಹಳೇ ಟೀಚರಮ್ಮನ ದನಿ ಕೇಳಿಸಿತು.

“ಕೆಳಗಿನ ಸಾಲಲ್ಲಿರೋ ಹಸಿರು ಅಂಗಿಯವ್ರೇ, ಕತ್ತರಿ ಕೆಳಗಿಡಿ. ಅಳತೆ ಹೇಳೋ ಮೊದ್ಲೇ ಕತ್ತರಿಸೋಕೆ ಅಷ್ಟೇನು ಅವಸರ?”