ಅಕ್ಕನ ಹೆಸರಿಗೆ ಊದಿದ ಉಸಿರು

ನನಗೆ ಬುದ್ಧಿ ಇರಲಿಲ್ಲ ಅಂತ ಈಗ ಯಾರು ಬೇಕಾದರೂ ಹೇಳಬಹುದು. ಹೇಳಲಿ. ಹಾಗೆ ಹೇಳುವವರು ಯಾರೂ ನಮ್ಮ ಹತ್ತಿ ಜಿನ್ನಿನ ಬಾಗಿಲಲ್ಲಿ ಚೀಲ ಎತ್ತಿದವರಲ್ಲ.

ಸವಣೂರಿನ ಆಚೆಗಿದ್ದ ಹತ್ತಿಯಿಂದ ಕಾಳು ಬಿಡಿಸುವ ಆ ಜಿನ್ನಿನಲ್ಲಿ ಹಂಗಾಮಿನ ಮೊದಲ ದಿನ ಒಂದು ಪದ್ಧತಿ ಇತ್ತು. ಹೆಂಗಸರೆಲ್ಲ ಸಾಲಾಗಿ ನಿಲ್ಲಬೇಕು, ಮುಕಾದಮ ಹಸನಸಾಬ ತೋರಿಸಿದ ಹತ್ತಿ ಚೀಲ ಎತ್ತಿ ತಲೆಯ ಮೇಲಿಡಬೇಕು. ಎತ್ತಿದವಳು ಒಳಗೆ, ಎತ್ತದವಳು ಮನೆಗೆ. ನನ್ನ ಅಕ್ಕ ಶೇಖವ್ವ ಹನ್ನೆರಡು ವರ್ಷ ಎತ್ತಿದ್ದಳು. ಯಂತ್ರಕ್ಕೆ ಹತ್ತಿ ಹಾಕುವುದು ಅವಳ ಕೆಲಸ, ಕೆಳಗೆ ಬಿದ್ದ ಹತ್ತಿಕಾಳು ಬಳಿಯುವುದು ನನ್ನದು. ಅವಳ ಗಂಡ ತೀರಿಹೋಗಿದ್ದ. ಅವಳ ಇಬ್ಬರು ಹೆಣ್ಣುಮಕ್ಕಳ ಹೊಟ್ಟೆ ಆ ಯಂತ್ರದ ಮುಂದೆಯೇ ತುಂಬಬೇಕಿತ್ತು.

ಅರವತ್ತೆರಡನೇ ಇಸವಿಯ ಹೊತ್ತಿಗೆ ಅವಳಿಗೆ ಸೋಮವಾರ ಬಂತೆಂದರೆ ಎದೆ ಬಿಗಿಯುತ್ತಿತ್ತು. ರವಿವಾರದ ರಜೆ ಮುಗಿಸಿ ಧೂಳಿನಲ್ಲಿ ನಿಂತ ತಾಸಿಗೇ ಉಸಿರು ಸಿಗುತ್ತಿರಲಿಲ್ಲ.

"ನಿನಗ ರಜಾದ ಬ್ಯಾನಿ ಐತಿ ಬಿಡಕ್ಕ," ಎಂದು ಕಾಡಿಸುತ್ತಿದ್ದೆ. ಹಾಳು ಬಾಯಿ ನನ್ನದು.

ಆ ಹಂಗಾಮಿನ ನಡುವೆ ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರು ಬಂದರು. ಹತ್ತಿ ಧೂಳು ಎದೆಗೆ ಏನು ಮಾಡುತ್ತದೆಂದು ನೋಡಲು ಸರ್ಕಾರ ಹಣ ಕೊಟ್ಟಿತ್ತಂತೆ. ಅವರ ಹತ್ತಿರ ಒಂದು ಡಬ್ಬಿ, ಅದಕ್ಕೊಂದು ರಬ್ಬರ್ ಕೊಳವೆ. ಊದಿದರೆ ಮುಳ್ಳು ಮೇಲೇರುತ್ತಿತ್ತು. ಅವರು ಏನೇನೋ ಬಿಡಿಸಿ ಹೇಳಿದರು. ಕೇಳುವ ತಾಳ್ಮೆ ಯಾರಿಗಿತ್ತು? ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಸಾಲು ಅಂದರೆ ನಮಗೆ ಗೊತ್ತಿದ್ದದ್ದು ಒಂದೇ.

"ತಿಪ್ಪವ್ವಾ, ನನ್ನ ಕೈಲೆ ಆಗೂದಿಲ್ಲ. ಮನಿಗೆ ಕಳಸ್ತಾರ," ಎಂದಳು ಅಕ್ಕ.

"ಸುಮ್ನಿರು. ನೀ ಚೀಲದ ಹಿಂದ ಕುಂಡ್ರು. ನಾ ಊದತೇನಿ."

ನನ್ನ ಹೆಸರಿಗೆ ಒಮ್ಮೆ ಊದಿದೆ. ಆಮೇಲೆ ಅಕ್ಕನ ಸೀರೆ ನಾನುಟ್ಟು, ನನ್ನದು ಅವಳಿಗೆ ಕೊಟ್ಟು, ಸೆರಗು ಹಣೆಯ ತನಕ ಎಳೆದುಕೊಂಡು, ಶೇಖವ್ವ ಎಂದು ಕರೆದಾಗ ಮತ್ತೆ ಹೋದೆ. ಮುಳ್ಳು ಮೊದಲಿಗಿಂತ ಮೇಲಕ್ಕೇರಿತು. ಡಾಕ್ಟರು "ಭೇಷ್!" ಎಂದರು. ದೊಡ್ಡ ಪರಾಕ್ರಮ ಮಾಡಿದವಳಂತೆ ಅಂದು ಮನೆಗೆ ಹೋದೆ.

ಮುಂದಿನ ತಿಂಗಳು ಅವರು ಪಟ್ಟಿ ಹಿಡಿದು ಬಂದು, ಎದೆ ಕೆಟ್ಟ ಒಂಬತ್ತು ಜನರ ಹೆಸರು ಓದಿದರು. ಆ ಒಂಬತ್ತು ಜನಕ್ಕೆ ಸರ್ಕಾರದ ಖರ್ಚಿನಲ್ಲಿ ಹುಬ್ಬಳ್ಳಿಯಲ್ಲಿ ಔಷಧ. ಅದಾದ ಮೇಲೆ ತರಬೇತಿ. ಧೂಳಿನಿಂದ ಹೇಗೆ ಪಾರಾಗಬೇಕೆಂದು ಉಳಿದವರಿಗೆ ಕಲಿಸುವ ಕೆಲಸ, ಅದೂ ಪಗಾರ ಕೊಟ್ಟು. ನಾನು ಊದಿದ್ದರಿಂದ ಅಕ್ಕನ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

"ಹೇಳಿಬಿಡತೇನಿ ಅಕ್ಕ," ಎಂದು ಎದ್ದೆ.

ಅವಳು ಸೆರಗು ಹಿಡಿದೆಳೆದಳು. "ಬ್ಯಾಡವ್ವ. ಮೋಸ ಮಾಡೀರಿ ಅಂತ ಇಬ್ಬರನ್ನೂ ತಗದ್ರ? ಹುಡುಗ್ಯಾರು ಏನ್ ತಿನ್ನಬೇಕು?"

ನಾನು ಕುಂತುಬಿಟ್ಟೆ. ಜಗಳಗಂಟಿ ಎಂದು ಊರೆಲ್ಲ ಹೆಸರು ಮಾಡಿದವಳು ನಾನು. ಬೇಕಾದ ಹೊತ್ತಿಗೆ ನನಗೆ ಬಾಯಿ ಬರಲಿಲ್ಲ.

ಅಕ್ಕ ಮುಂದಿನ ಹಂಗಾಮು ನೋಡಲಿಲ್ಲ. ಶ್ರಾವಣದಲ್ಲಿ ಹೋದಳು. ಕಡೆಕಡೆಗೆ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು, ಒಂದು ಮಾತು ಮುಗಿಸಲು ಎರಡು ಸಲ ನಿಲ್ಲುತ್ತಿದ್ದಳು. ಒಮ್ಮೆಯೂ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಬೇಸಿತ್ತು.

ಹೊಸ ಹಂಗಾಮಿಗೆ ಡಾಕ್ಟರು ಮತ್ತೆ ಬಂದರು. ಜೀಪಿನಿಂದ ಇಳಿಯುತ್ತಲೇ, "ಶೇಖವ್ವ ಎಲ್ಲಿ? ಮೊದಲ ಆಕೀನ್ನ ಕರೀರಿ," ಎಂದರು. ಮುಖ ಅರಳಿತ್ತು. "ಹನ್ನೆರಡು ವರ್ಷ ಈ ಧೂಳಿನ್ಯಾಗ ನಿಂತ್ರೂ ಎದಿ ಗಟ್ಟಿ ಐತಿ. ಅದು ಹೆಂಗ ಅಂತ ನೋಡಾಕ ಸರ್ಕಾರ ಈ ವರ್ಷನೂ ರೊಕ್ಕ ಕೊಟ್ಟೈತಿ."

ಹಸನಸಾಬ ನೆಲ ನೋಡಿದ. ನಾನೇ ಎದ್ದು ಮುಂದೆ ಹೋದೆ.

"ಆಕಿ ತೀರಿಕೊಂಡಾಳ್ರಿ ಸಾಹೇಬ್ರ. ಹೋದ ವರ್ಷ ಊದಿದ್ದು ಆಕಿ ಅಲ್ರಿ. ನಾನು."

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. ಬಯ್ಯುತ್ತಾರೆಂದು ಕಾದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಅಕ್ಕನ ಹೆಸರಿನ ಮೇಲೆ ಗೀಟೆಳೆದು, ಕೊಳವೆಯನ್ನು ನನ್ನ ಕಡೆ ಚಾಚಿದರು.

"ಈ ಸಲ ನಿನ್ನ ಹೆಸರಿಗೆ ಊದವ್ವ."

ಊದಿದೆ. ಮುಳ್ಳು ಮೇಲಕ್ಕೇರಿ ನಿಂತಿತು. ಕೊಳವೆ ಬಾಯಿಂದ ತೆಗೆದಾಗ ಇನ್ನೊಬ್ಬಳ ಹೆಸರಿಗೂ ಊದುವಷ್ಟು ಉಸಿರು ಉಳಿದಿತ್ತು.